ಕಲ್ಲಿನ ಜೊತೆ ಕೊಡಗೆ

ಇದನ್ನು ಬರೆಯಬೇಕೋ ಬೇಡವೋ ಅಂತ ನಾಲ್ಕು ದಿನ ಯೋಚಿಸಿದೆ. ಇದೇ ಊರಲ್ಲಿ ಇರುವ ಟೀಚರು ನಾನು, ಬೆಳಗಾದರೆ ಅದೇ ಮುಖಗಳನ್ನು ನೋಡಬೇಕು. ಆದರೆ ಹೋದ ಭಾನುವಾರ, ಟೆಂಪೋ ಅಪಘಾತದಲ್ಲಿ ಸತ್ತ ನಮ್ಮೂರವರ ಹೆಸರಿನ ಟ್ರಸ್ಟಿನ ಮೀಟಿಂಗ್‌ನಲ್ಲಿ ನಾನು ಹೇಳಿದ್ದು ಅರ್ಧ, ಅಲ್ಲಿದ್ದವರು ಕೇಳಿಸಿಕೊಂಡಿದ್ದು ಕಾಲು ಭಾಗ, ಸಂಜೆ ಹೊತ್ತಿಗೆ ಊರ ತುಂಬ ಓಡಾಡಿದ್ದು ಮಾತ್ರ "ಅಕ್ಕೋರು ಸ್ಮಾರಕ ಬ್ಯಾಡ ಅಂದ್ರಂತ" ಅನ್ನುವ ಒಂದೇ ಮಾತು. ನಾನು ಹಾಗೆ ಅಂದಿಲ್ಲ. ಏನು ಅಂದೆ ಅಂತ ಪೂರ್ತಿ ಹೇಳುತ್ತೇನೆ. ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ನಮ್ಮದು ಕುಷ್ಟಗಿ ಕಡೆಯ ಊರು. ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ, ಮೆಣಸಿನಕಾಯಿ ಬಿಡಿಸಲು ಹೊರಟಿದ್ದ ಕೂಲಿಯವರ ಟೆಂಪೋ ಬೆಳಗಿನ ಜಾವ ತಿರುವಿನಲ್ಲಿ ಪಲ್ಟಿಯಾಯಿತು. ಏಳು ಜನ ಹೋದರು. ಐವರು ಹೆಂಗಸರು. ಅವರಲ್ಲಿ ಒಬ್ಬಳು ನನ್ನ ಹತ್ತಿರ ಒಂಬತ್ತನೇ ತರಗತಿಯವರೆಗೆ ಗಣಿತ ಕಲಿತವಳು, ಆಮೇಲೆ ಮದುವೆಯಾಯಿತು. ಆ ದಿನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕಂಡವರಿಗೆ ಕಂಡಿದೆ.

ಆ ಟೆಂಪೋ ಗೂಡ್ಸ್ ಗಾಡಿ. ಗೂಡ್ಸ್ ಗಾಡಿಯಲ್ಲಿ ಮಾಲಿನ ಮಾಲೀಕ ಕೂತಿದ್ದರೆ ಅವನಿಗೆ ವಿಮೆ ಇದೆ. ಹೊಲಕ್ಕೆ ಹೊರಟ ಕೂಲಿಯವರನ್ನು ಹತ್ತಿಸಿಕೊಂಡಿದ್ದರೆ ಇಲ್ಲ, ಕಾನೂನೇ ಹಾಗಿದೆ. ಗಾಡಿಯವನೇ ಕೊಡಬೇಕು ಅಂತ ಕೋರ್ಟು ಹೇಳಿದರೂ ಅವನ ಹತ್ತಿರ ಏನಿದೆ? ಬ್ಯಾಂಕಿನ ಸಾಲದ ಟೆಂಪೋ ಇತ್ತು, ಅದೂ ಜಜ್ಜಿಹೋಗಿ ಠಾಣೆಯ ಮುಂದೆ ನಿಂತಿದೆ. ಸರ್ಕಾರದಿಂದ ಬಂದ ಪರಿಹಾರದಲ್ಲಿ ಮೊದಲು ಸಾಲ ತೀರಿತು, ತಿಥಿ ಮುಗಿಯಿತು, ಒಂದು ಮನೆಯಲ್ಲಿ ತಗಡು ಬದಲಾಯಿತು, ಅಷ್ಟೇ.

ಆಗ ಊರಿನ ಹುಡುಗರು, ಬೆಂಗಳೂರಿನಲ್ಲಿ ಸೆಂಟ್ರಿಂಗ್, ಪೇಂಟಿಂಗ್, ಓಲಾ ಅಂತ ದುಡಿಯುವವರು, ಫೋನ್‌ಪೇ ಮೂಲಕ ದುಡ್ಡು ಎತ್ತಿದರು. ನೂರು, ಇನ್ನೂರು, ಐನೂರು. ಆಮೇಲೆ ಊರಿನ ದೊಡ್ಡವರು ಸೇರಿದರು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಡೀಡ್ ಆಯಿತು, ಪ್ಯಾನ್ ಕಾರ್ಡ್ ಬಂತು, ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಸಿಕ್ಕಿತು. ಇವತ್ತಿಗೆ ಖಾತೆಯಲ್ಲಿ ಸುಮಾರು ಹನ್ನೊಂದು ಲಕ್ಷ ಇದೆ. ಅಧ್ಯಕ್ಷರು ಗೊಬ್ಬರದ ಅಂಗಡಿಯವರು, ಒಳ್ಳೆಯ ಮನುಷ್ಯ, ಒಂದು ರೂಪಾಯಿ ಆಚೆ ಈಚೆ ಮಾಡಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ನನ್ನ ತಕರಾರು ಅವರ ಲೆಕ್ಕದ ಬಗ್ಗೆ ಅಲ್ಲ.

ಟ್ರಸ್ಟಿನವರು ಮಾಡಹೊರಟಿರುವುದು ಎರಡು: ಸತ್ತವರ ಸ್ಮಾರಕಕ್ಕೆ ಒಂದು ಕಮಾನು, ಉಳಿದ ದುಡ್ಡಿನ ಬಡ್ಡಿಯಲ್ಲಿ ಮಕ್ಕಳಿಗೆ ವಿದ್ಯಾರ್ಥಿವೇತನ. ಮೊದಲ ತಕರಾರು ಕಮಾನಿನ ಬಗ್ಗೆ. ಊರೊಳಗೆ ಬರುವ ದಾರಿಗೆ ಅಡ್ಡಲಾಗಿ ಆರ್‌ಸಿಸಿ ಕಮಾನು, ಮೇಲೆ ಗ್ರಾನೈಟ್, ಎರಡೂ ಬದಿ ಆನೆ. ಅಂದಾಜು ಆರೂವರೆ ಲಕ್ಷ. ಪ್ಲಾನ್ ತೋರಿಸಿದರು. ಮೇಲುಗಡೆ ದೊಡ್ಡ ಅಕ್ಷರದಲ್ಲಿ ಟ್ರಸ್ಟಿನ ಹೆಸರು, ಕಂಬದ ತುಂಬ ದಾನಿಗಳ ಪಟ್ಟಿ. ಸತ್ತವರ ಹೆಸರು ಎಲ್ಲಿ ಅಂತ ನಾನು ಹುಡುಕಿದೆ. ಎಡಗಡೆ ಕಂಬದ ಕೆಳಗೆ ಇತ್ತು, ಆನೆಯ ಕಾಲಿನ ಹತ್ತಿರ. ನನಗೆ ನಗುವೂ ಬಂತು, ಸಿಟ್ಟೂ ಬಂತು.

"ಅಕ್ಕೋರೇ, ಕಮಾನು ಇಲ್ಲಂದ್ರ ಮಂದಿ ಏನಂತಾರ? ರೊಕ್ಕ ಎಲ್ಲಿ ಹೋತು ಅಂತಾರ" ಅಂದರು ಅಧ್ಯಕ್ಷರು. ಅವರ ಭಯ ನನಗೆ ಅರ್ಥವಾಗುತ್ತದೆ. ಕಮಾನು ಕಣ್ಣಿಗೆ ಕಾಣುತ್ತದೆ. ಒಬ್ಬ ಹುಡುಗಿ ಹತ್ತನೇ ತರಗತಿ ಬಿಡದೆ ಉಳಿದಳು ಅನ್ನುವುದು ಯಾರ ಕಣ್ಣಿಗೆ ಕಾಣುತ್ತದೆ?

ಆದರೂ ಸ್ಮಾರಕವೇ ಬೇಡ ಅನ್ನುವವಳಲ್ಲ ನಾನು. 2012ರ ಮೇ 22ರ ನಸುಕಿನಲ್ಲಿ, ನಮ್ಮ ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೇಲೆ ಬೆಂಗಳೂರಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಪೆನುಕೊಂಡದ ಹತ್ತಿರ ಗೂಡ್ಸ್ ರೈಲಿಗೆ ಗುದ್ದಿತು. ಇಪ್ಪತ್ತಕ್ಕೂ ಜಾಸ್ತಿ ಜನ ಸತ್ತರು. ಅದಕ್ಕೆ ಸರಿಯಾಗಿ ಎರಡು ವರ್ಷ ಮೊದಲು, 2010ರ ಅದೇ ಮೇ 22ಕ್ಕೆ, ಮಂಗಳೂರಿನಲ್ಲಿ ವಿಮಾನ ಬಿದ್ದು 158 ಜನ ಹೋಗಿದ್ದರು. ವಿಮಾನದವರಿಗೆ ಕೂಳೂರಿನ ಹತ್ತಿರ ಸ್ಮಾರಕ ಇದೆ, ಆ ದಿನ ಬಂದರೆ ಹೂವು ಇಟ್ಟು ನೆನೆಯುತ್ತಾರೆ. ರೈಲು ಅಪಘಾತ ಯಾವ ದಿನ ಆಗಿತ್ತು ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿದೆ. ಯಾರಿಗೂ ನೆನಪಿರಲಿಲ್ಲ. ಅದೇ ರೈಲಿನಲ್ಲಿ ಓಡಾಡುವವರು ನಾವು! ಹಾಗಾಗಿ ಹೆಸರು ಕೆತ್ತಿದ ಒಂದು ಕಲ್ಲು ಬೇಕೇ ಬೇಕು. ಎಂಥ ಕಲ್ಲು, ಅದರ ಜೊತೆ ಏನು, ಅನ್ನುವುದಷ್ಟೇ ನನ್ನ ಪ್ರಶ್ನೆ.

ನಮ್ಮ ಹನುಮಪ್ಪನ ಗುಡಿಯ ಹಿಂದೆ ಒಂದು ವೀರಗಲ್ಲು ಇದೆ ನೋಡಿ, ಮಕ್ಕಳು ಕ್ರಿಕೆಟ್ ಆಡುವಾಗ ಸ್ಟಂಪ್ ಮಾಡಿಕೊಳ್ಳುತ್ತಾರಲ್ಲ, ಅದೇ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ, ಮೇಲೆ ಅವನು ಲಿಂಗದ ಮುಂದೆ ಕೂತಿದ್ದಾನೆ. ಇಂಥ ಕಲ್ಲು ಈ ಸೀಮೆಯಲ್ಲಿ ಎಷ್ಟೋ ಇವೆ. ನಾವು ಕಲ್ಲು ನೋಡುತ್ತೇವೆ, ಕಲ್ಲಿನ ಜೊತೆ ಕೊಡುತ್ತಿದ್ದದ್ದನ್ನು ಮರೆತಿದ್ದೇವೆ. ಊರಿಗಾಗಿ ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರು. ಶಾಸನಗಳಲ್ಲಿ ಅದಕ್ಕೆ ಹೆಸರೇ ಇದೆ: ನೆತ್ತರುಗೊಡಗೆ. ಬಾಳ್ಗಚ್ಚು, ಕಲ್ನಾಡು ಅಂತಲೂ ಬರುತ್ತದೆ. ನೆತ್ತರು ಕೊಟ್ಟವನ ಮಕ್ಕಳು ಉಪವಾಸ ಬೀಳಬಾರದು ಅಂತ ಹೊಲ. ಹತ್ತನೇ ಶತಮಾನದ ಆತಕೂರಿನ ಶಾಸನದಲ್ಲಂತೂ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನುವ ನಾಯಿಗೂ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟಿದ್ದಾರೆ. ಆ ಭೂಮಿಯ ಫಲ ತಿನ್ನುವ ಗೊರವ, ಅಂದರೆ ಶಿವನ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಸುತ್ತಿಕೊಳ್ಳುತ್ತದೆ ಅಂತಲೂ ಬರೆಸಿದ್ದಾರೆ. ಆಡಿಟ್ ಅಂದರೆ ಅದು, ಅಲ್ವಾ! ನಾಯಿಗೆ ಸಿಕ್ಕಿದ್ದು ನಮ್ಮೂರ ಕೂಲಿ ಹೆಂಗಸರಿಗೆ ಸಿಗಬಾರದಾ?

ನಾನು ಗಣಿತದವಳು, ಮೀಟಿಂಗ್‌ನಲ್ಲೂ ಬೋರ್ಡಿನ ಮೇಲೆ ಲೆಕ್ಕ ಬರೆದೆ. ಕಮಾನಿಗೆ ಆರೂವರೆ ಲಕ್ಷ ಹೋದರೆ ಉಳಿಯುವುದು ನಾಲ್ಕೂವರೆ. ಬ್ಯಾಂಕಿನಲ್ಲಿ ಶೇಕಡಾ 7 ಬಡ್ಡಿಯಂತೆ ಇಟ್ಟರೆ ವರ್ಷಕ್ಕೆ 31,500. ಅದನ್ನು ಬಿಟ್ಟು, ಇಲ್ಲೇ ಪಕ್ಕದ ಇಳಕಲ್ಲಿನ ಕೆಂಪು ಕಲ್ಲು ತಂದು, ಆಳೆತ್ತರಕ್ಕೆ ನಿಲ್ಲಿಸಿ, ಸುತ್ತ ಕಟ್ಟೆ ಕಟ್ಟಿ, ಒಂದು ಬೇವಿನ ಗಿಡ ಹಚ್ಚಿದರೆ ಒಂದು ಲಕ್ಷದೊಳಗೆ ಮುಗಿಯುತ್ತದೆ. ಹತ್ತು ಲಕ್ಷ ಹಾಗೇ ಉಳಿಯುತ್ತದೆ. ವರ್ಷಕ್ಕೆ 70,000. ಏಳು ಹೆಸರಿನಲ್ಲಿ ವರ್ಷಕ್ಕೆ ಏಳು ಮಕ್ಕಳು, ತಲೆಗೆ ಹತ್ತು ಸಾವಿರ. ಅಸಲು ಮುಟ್ಟುವಂತಿಲ್ಲ. ಬಡ್ಡಿ ದರ ಇಳಿದರೆ ಸ್ವಲ್ಪ ಕಡಿಮೆ ಆಗಬಹುದು, ಇರಲಿ. ಈ ಲೆಕ್ಕ ಬರೆದಾಗ ಹಿಂದುಗಡೆ ಕೂತಿದ್ದ ಒಬ್ಬ ಅಜ್ಜ "ಬರೋಬ್ಬರಿ ಐತಿ" ಅಂದ. ಮುಂದೆ ಕೂತವರು ಏನೂ ಅನ್ನಲಿಲ್ಲ.

ಇನ್ನು ವಿದ್ಯಾರ್ಥಿವೇತನದ ಷರತ್ತು. ಹತ್ತನೇ ತರಗತಿಯಲ್ಲಿ ಶೇಕಡಾ 85 ತೆಗೆದವರಿಗೆ ಮಾತ್ರ ಅಂತ ಬರೆದಿದ್ದಾರೆ. ಯಾಕೆ ಅಂದರೆ "ಪ್ರತಿಭೆಗೆ ಬೆಲೆ ಕೊಡಬೇಕಲ್ರೀ". ಸತ್ತವರ ಮನೆಗಳಲ್ಲಿ ಒಟ್ಟು ಹನ್ನೊಂದು ಮಕ್ಕಳಿದ್ದಾರೆ, ಅವರಲ್ಲಿ ಆರು ಮಕ್ಕಳು ನನ್ನ ಶಾಲೆಯಲ್ಲೇ ಇದ್ದಾರೆ, ಅವರ ಅಂಕಪಟ್ಟಿ ನನಗೆ ಗೊತ್ತು. ಅತಿ ಜಾಸ್ತಿ ಅಂದರೆ 61. ಆ 61ರ ಹುಡುಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಮೂವತ್ತೆಂಟು ದಿನ ಗೈರುಹಾಜರಿ, ಹತ್ತಿ ಬಿಡಿಸಲು ಹೋಗಿದ್ದಳು, ತಮ್ಮನನ್ನೂ ನೋಡಿಕೊಂಡಳು, ಅಡುಗೆಯನ್ನೂ ಮಾಡಿದಳು. ನನ್ನನ್ನು ಕೇಳಿದರೆ ಅವಳ 61 ಅಂದರೆ ಪೇಟೆ ಹುಡುಗನ 95. ಸರ್ಕಾರದ ಎನ್‌ಎಂಎಂಎಸ್‌ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯಲು ಏಳನೇ ತರಗತಿಯಲ್ಲಿ 55 ಇದ್ದರೆ ಸಾಕು, ಪರಿಶಿಷ್ಟರಿಗೆ 50. ಅದರಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ಬರುತ್ತದೆ. ದೆಹಲಿಯವರೇ 55ಕ್ಕೆ ಒಪ್ಪಿದ್ದಾರೆ, ನಮ್ಮೂರ ಟ್ರಸ್ಟಿಗೆ 85 ಬೇಕಂತೆ!

ಇದರಿಂದ ಆಗುವುದು ಏನು ಗೊತ್ತಾ? ಸತ್ತವರ ಹೆಸರಿನ ದುಡ್ಡು ಪಟ್ಟಣದಲ್ಲಿ ಟ್ಯೂಷನ್‌ಗೆ ಹೋಗುವ ಮಕ್ಕಳಿಗೆ ಹೋಗುತ್ತದೆ. ಆ ಮಕ್ಕಳ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ, ನನ್ನ ಮಗನೂ ಅಂಥವನೇ, ಅವನಿಗೆ 88 ಬಂದಿತ್ತು. ಈ ಷರತ್ತು ಇದ್ದರೆ ನನ್ನ ಮಗ ಅರ್ಜಿ ಹಾಕಬಹುದು, ಅವ್ವನನ್ನು ಕಳೆದುಕೊಂಡ ಹುಡುಗಿ ಹಾಕುವಂತಿಲ್ಲ. ಇದನ್ನು ಮೀಟಿಂಗ್‌ನಲ್ಲಿ ಹೇಳಿದಾಗ ಒಂದು ನಿಮಿಷ ಯಾರೂ ಮಾತಾಡಲಿಲ್ಲ, ಆಮೇಲೆ ವಗ್ಗಾಣಿ ಮಿರ್ಚಿ ಬಂತು, ವಿಷಯ ಅಲ್ಲಿಗೇ ನಿಂತಿತು.

ಯಾವಾಗ ಕೊಡುತ್ತೀರಿ ಅನ್ನುವುದೂ ಮುಖ್ಯ. ಫೆಬ್ರವರಿಯಲ್ಲಿ ಪುಣ್ಯತಿಥಿಯ ದಿನ ಪೆಂಡಾಲ್ ಹಾಕಿ, ಶಾಸಕರನ್ನು ಕರೆಸಿ, ದೊಡ್ಡ ರಟ್ಟಿನ ಚೆಕ್ ಹಿಡಿದು ಫೋಟೋ ತೆಗೆಸುವುದು ಅಂತ ತೀರ್ಮಾನ ಆಗಿದೆ. ಫೆಬ್ರವರಿಯಲ್ಲಿ ಆ ಮಕ್ಕಳು ಊರಲ್ಲಿ ಇರುತ್ತಾರಾ? ಸುಗ್ಗಿ ಮುಗಿದು ಮನೆಯವರು ಗುಳೆ ಹೊರಟರೆ ಮಕ್ಕಳೂ ಅವರ ಹಿಂದೆಯೇ ಹೋಗುತ್ತಾರೆ. ಅರ್ಧ ಜೂನ್‌ನಲ್ಲಿ ಕೊಡಿ, ಫೀಸು, ನೋಟ್‌ಬುಕ್ಕು, ಬಸ್ ಪಾಸಿಗೆ. ಇನ್ನರ್ಧ ದೀಪಾವಳಿ ಮುಗಿದ ಕೂಡಲೇ ಕೊಡಿ. ಆಗಲೇ ಮನೆಯಲ್ಲಿ ಚರ್ಚೆ ನಡೆಯುವುದು, ಹುಡುಗಿಯನ್ನು ಅಜ್ಜಿಯ ಹತ್ತಿರ ಬಿಡೋಣವಾ, ಕರೆದುಕೊಂಡು ಹೋಗೋಣವಾ ಅಂತ. ಆ ವಾರ ಐದು ಸಾವಿರ ಕೈಗೆ ಬಂದರೆ ಅಜ್ಜಿಯ ಮಾತಿಗೆ ಬಲ ಬರುತ್ತದೆ. ಹದಿನಾರು ವರ್ಷದಿಂದ ಹಾಜರಿ ಕರೆಯುತ್ತಿದ್ದೇನೆ, ಇದಿಷ್ಟು ನನಗೆ ಗೊತ್ತು.

ಇದರ ನಡುವೆ ಇನ್ನೊಬ್ಬರು ಹೊಸದೊಂದು ತೆಗೆದರು. ಆ ತಿರುವಿನಲ್ಲಿ ದೀಪ ಇಲ್ಲ, ತಡೆಗೋಡೆ ಇಲ್ಲ, ಟ್ರಸ್ಟ್ ದುಡ್ಡಿನಲ್ಲೇ ಹಾಕಿಸೋಣ ಅಂತ. ಕೇಳಲು ಒಳ್ಳೆಯದೇ. ಆದರೆ ವೇಲ್ಸ್ ದೇಶದ ಅಬರ್‌ಫ್ಯಾನ್ ಅನ್ನುವ ಹಳ್ಳಿಯಲ್ಲಿ ಆದದ್ದನ್ನು ನೆನಪಿಡಿ. 1966ರ ಅಕ್ಟೋಬರ್ 21ಕ್ಕೆ ಕಲ್ಲಿದ್ದಲು ಗಣಿಯ ಮಣ್ಣಿನ ಗುಡ್ಡ ಜಾರಿ ಶಾಲೆಯ ಮೇಲೆ ಬಿತ್ತು. 116 ಮಕ್ಕಳು, 28 ದೊಡ್ಡವರು ಸತ್ತರು. ಜನ ದುಡ್ಡು ಕಳಿಸಿದರು, ದೊಡ್ಡ ನಿಧಿಯೇ ಆಯಿತು. ಉಳಿದ ಗುಡ್ಡಗಳನ್ನು ತೆಗೆಯಿರಿ ಅಂತ ಊರವರು ಬೇಡಿಕೊಂಡರೆ, ಅದರ ಖರ್ಚಿಗೆ ಅದೇ ನಿಧಿಯಿಂದ ಒಂದೂವರೆ ಲಕ್ಷ ಪೌಂಡ್ ಕಿತ್ತುಕೊಂಡರು. ಗುಡ್ಡ ಹಾಕಿದ್ದು ಸರ್ಕಾರದ್ದೇ ಗಣಿ ಮಂಡಳಿ, ತೆಗೆಸಲು ದುಡ್ಡು ಕೊಟ್ಟಿದ್ದು ಮಕ್ಕಳನ್ನು ಕಳೆದುಕೊಂಡವರ ನಿಧಿ. ವಾಪಸ್ ಬಂದಿದ್ದು 1997ರಲ್ಲಿ, ಅದೂ ಬಡ್ಡಿ ಇಲ್ಲದೆ. ಬಳ್ಳಾರಿ, ಸಂಡೂರು ಕಡೆ ಗಣಿ ಮಣ್ಣಿನ ಗುಡ್ಡ ಕಂಡವರಿಗೆ ಈ ಕಥೆ ದೂರದ್ದು ಅನ್ನಿಸುವುದಿಲ್ಲ. ರಸ್ತೆಗೆ ದೀಪ ಹಾಕುವುದು ರಸ್ತೆ ಮಾಡಿದವರ ಕೆಲಸ. ಅರ್ಜಿ ಬರೆಯಿರಿ, ನಾನೂ ಸಹಿ ಹಾಕುತ್ತೇನೆ, ಕಚೇರಿ ಮುಂದೆ ಕೂರಲು ಕರೆದರೂ ಬರುತ್ತೇನೆ. ಆದರೆ ಸೆಂಟ್ರಿಂಗ್ ಹುಡುಗನ ನೂರು ರೂಪಾಯಿಯಲ್ಲಿ ಅದು ಬೇಡ.

ಒಂದು ಒಳ್ಳೆಯ ಉದಾಹರಣೆಯನ್ನೂ ಹೇಳಿಬಿಡುತ್ತೇನೆ, ಬರೀ ಬೈದರೆ ಹೇಗೆ. 1988ರ ಡಿಸೆಂಬರ್ 21ಕ್ಕೆ ಸ್ಕಾಟ್ಲೆಂಡಿನ ಲಾಕರ್‌ಬಿ ಊರಿನ ಮೇಲೆ ಬಾಂಬ್ ಸಿಡಿದು ವಿಮಾನ ಬಿತ್ತು, ನೆಲದ ಮೇಲಿದ್ದವರೂ ಸೇರಿ 270 ಜನ ಸತ್ತರು. ಅದರಲ್ಲಿ ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಮೂಲಕ ಓದಲು ಹೋಗಿದ್ದ 35 ವಿದ್ಯಾರ್ಥಿಗಳಿದ್ದರು. ಅಲ್ಲಿ ಗೋಡೆಯ ಮೇಲೆ ಅವರ ಹೆಸರೂ ಇದೆ, ಪ್ರತಿ ವರ್ಷ 35 ಜನರಿಗೆ ವಿದ್ಯಾರ್ಥಿವೇತನವೂ ಇದೆ. ದುಡ್ಡು ಪಡೆದವರು ತೀರಿಕೊಂಡವರಲ್ಲಿ ಒಬ್ಬೊಬ್ಬರ ಬಗ್ಗೆ ತಿಳಿದುಕೊಂಡು ಅವರನ್ನು ನೆನೆಯಬೇಕು. ಲಾಕರ್‌ಬಿ ಊರಿನ ಇಬ್ಬರು ಮಕ್ಕಳನ್ನೂ ವರ್ಷವರ್ಷ ಅಲ್ಲಿಗೆ ಓದಲು ಕರೆಸಿಕೊಳ್ಳುತ್ತಾರೆ. ನಮಗೆ ಅಷ್ಟೆಲ್ಲ ಬೇಡ. ನಮ್ಮ ಹನ್ನೊಂದು ಮಕ್ಕಳ ಓದು ಮುಗಿದ ಮೇಲೆ ದುಡ್ಡು ಬೇರೆ ಮಕ್ಕಳಿಗೆ ಹೋಗುತ್ತದಲ್ಲ, ಆಗ ಯಾರ ಹೆಸರಿನಲ್ಲಿ ಸಿಕ್ಕಿತೋ ಅವರ ಮನೆಗೆ ಆ ಮಗು ಒಮ್ಮೆ ಹೋಗಿ, ಒಂದು ಲೋಟ ಚಹಾ ಕುಡಿದು, ಸತ್ತವರು ಎಂಥವರಿದ್ದರು ಅಂತ ಕೇಳಿಕೊಂಡು ಬರಲಿ. ಪೆಂಡಾಲಿನ ಖರ್ಚಿಲ್ಲ. ರಟ್ಟಿನ ಚೆಕ್ಕೂ ಬೇಡ.

ಇಷ್ಟು ನಾನು ಹೇಳಿದ್ದು. ಬುಧವಾರ ಸಂಜೆ ಅಧ್ಯಕ್ಷರು ಮನೆಗೆ ಬಂದಿದ್ದರು. ಆನೆ ಬಿಟ್ಟರಂತೆ, ಕಮಾನು ಇನ್ನೂ ಬಿಟ್ಟಿಲ್ಲ. 85ನ್ನು ತೆಗೆದು, ಏಳು ಮನೆಯ ಮಕ್ಕಳಿಗೆ ಮೊದಲು, ಆಮೇಲೆ ಗುಳೆ ಹೋಗುವ ಮನೆಯ ಮಕ್ಕಳಿಗೆ ಅಂತ ಬರೆಯಲು ಒಪ್ಪಿದ್ದಾರೆ. ಕಮಾನಿನ ಬಗ್ಗೆ ಮುಂದಿನ ಭಾನುವಾರ ಮತ್ತೆ ಮೀಟಿಂಗ್ ಇದೆ. ಬೆಂಗಳೂರಿನಲ್ಲಿ ಇರುವ ಹುಡುಗರೇ, ದುಡ್ಡು ಹಾಕಿದ್ದು ನೀವು, ಫೋನ್ ಮಾಡಿಯಾದರೂ ಮಾತಾಡಿ.

ಹೋಗುವಾಗ ಅಧ್ಯಕ್ಷರು ಒಂದು ಚೀಟಿ ಕೊಟ್ಟರು, ಏಳು ಹೆಸರಿನ ಕಾಗುಣಿತ ನೋಡಿಕೊಡಿ ಅಂತ. ನನ್ನ ಹತ್ತಿರ ಕಲಿತವಳ ಹೆಸರು ಆಧಾರ್ ಕಾರ್ಡಿನಲ್ಲಿ ಕೊನೆಗೆ 'ಅಮ್ಮ' ಸೇರಿಸಿ ಇದೆ. ನನ್ನ ಹಳೆಯ ಹಾಜರಿ ಪುಸ್ತಕದಲ್ಲೂ ಹಾಗೇ, ನಾನೇ ಬರೆದಿದ್ದು, ನಾನೇ ಹಾಗೆ ಕರೆದಿದ್ದು. ನಿನ್ನೆ ಅವಳ ತವರಿಗೆ ಹೋಗಿ ಅವಳ ತಾಯಿಯನ್ನು ಕೇಳಿದೆ. "ಅಮ್ಮ ಅನ್ನೋದು ಕಾಗದದಾಗ ರೀ ಅಕ್ಕೋರ. ಆಕಿ ಹೆಸರು ಅವ್ವ ಹಚ್ಚೇ ಇಟ್ಟಿದ್ವಿ" ಅಂದಳು. ಚೀಟಿಯಲ್ಲಿ ಹೊಡೆದುಹಾಕಿ 'ಅವ್ವ' ಅಂತ ತಿದ್ದಿದ್ದೇನೆ.