ನವಿಲು ಕಣ್ಣೀರಿನಿಂದ ಮರಿ ಮಾಡುತ್ತಾ?

ಮಳೆಗಾಲ ಹತ್ತಿರ ಬಂದರೆ ಸಾಕು, ಆ ಮೆಸೇಜ್ ಮತ್ತೆ ಓಡಾಡುತ್ತದೆ. ಗಂಡು ನವಿಲು ಕೂಡುವುದೇ ಇಲ್ಲ, ಅದರ ಕಣ್ಣೀರು ಕುಡಿದು ಹೆಣ್ಣು ಮೊಟ್ಟೆ ಇಡುತ್ತದೆ ಅಂತ. ಕೇಳೋಕೆ ಚೆಂದವೇ, ಆದರೆ ನಿಜ ಅಲ್ಲ.

ನವಿಲು ಕೋಳಿಯ ಕುಟುಂಬದ ಹಕ್ಕಿ. ಗಂಡು ಗರಿ ಬಿಚ್ಚಿ ಕುಣಿಯುವುದು ಹೆಣ್ಣು ತನ್ನನ್ನು ಆರಿಸಲಿ ಅಂತ. ಹೆಣ್ಣು ಒಪ್ಪಿದರೆ ಹುಂಜದ ಹಾಗೆಯೇ ಬೆನ್ನೇರಿ ಕೂಡುತ್ತದೆ, ಎಲ್ಲ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ, ಹಾಗಾಗಿ ಯಾರ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ; ಬಹುಶಃ ಕಥೆ ಹುಟ್ಟಿದ್ದೂ ಇದಕ್ಕೇ. ಆಮೇಲೆ ಹೆಣ್ಣು ನೆಲದ ಮೇಲೆ ಮೊಟ್ಟೆ ಇಟ್ಟು, ಒಬ್ಬಳೇ ಸುಮಾರು 28 ದಿನ ಕಾವು ಕೂರುತ್ತಾಳೆ.

ನೀವೇ ಪರೀಕ್ಷೆ ಮಾಡಬಹುದು. ಯಾರು, ಎಲ್ಲಿ, ಯಾವಾಗ ನೋಡಿದರು ಅಂತ ಮೆಸೇಜಿನಲ್ಲಿ ಇದೆಯಾ ನೋಡಿ. ನವಿಲು ಕೂಡುವ ವಿಡಿಯೋ ಹುಡುಕಿ, ಬೇಕಾದಷ್ಟು ಸಿಗುತ್ತವೆ. ಮೃಗಾಲಯದಲ್ಲಿ ನವಿಲು ನೋಡಿಕೊಳ್ಳುವವರನ್ನೂ ಕೇಳಬಹುದು. ಹಂಚಿದವರ ಮೇಲೆ ಸಿಟ್ಟು ಬೇಡ, ನಮ್ಮಜ್ಜಿಯೂ ಇದನ್ನೇ ಹೇಳುತ್ತಿದ್ದರು.

ಅಮೆರಿಕದ ಕಾಡು ಟರ್ಕಿ ಕೋಳಿಯೂ ಇದೇ ಕುಟುಂಬದ್ದು, ಅದೂ ಬಾಲ ಬಿಚ್ಚಿ ಮೆರೆಯುತ್ತದೆ. ಒಮ್ಮೆ ಕೂಡಿದರೆ ಹೆಣ್ಣು ವೀರ್ಯವನ್ನು ವಾರಗಟ್ಟಲೆ ಒಡಲಲ್ಲೇ ಉಳಿಸಿಕೊಳ್ಳುತ್ತದೆ. ಅಲ್ಲಿ ವಸಂತದಲ್ಲಿ ಹೆಚ್ಚಾಗಿ ಗಂಡನ್ನಷ್ಟೇ ಬೇಟೆಯಾಡಲು ಬಿಡುವುದರಲ್ಲಿ, ಕೂಡಿದ ಮೇಲೆ ಗಂಡು ಸತ್ತರೂ ಹೆಣ್ಣು ಮೊಟ್ಟೆ ಇಡಬಲ್ಲದು ಎಂಬ ಈ ಲೆಕ್ಕವೂ ಇದೆ. ನಮ್ಮಲ್ಲಿ ನವಿಲಿಗೆ ಅಂಥ ಸೀಸನ್ನೇ ಇಲ್ಲ: 1972ರ ವನ್ಯಜೀವಿ ಕಾಯ್ದೆ ಪ್ರಕಾರ ವರ್ಷವಿಡೀ ಬೇಟೆ ನಿಷೇಧ.