ಸ್ಟ್ರಿಪ್ ತಿರುಗಿಸಿ ಓದಿ
ಬಿಪಿ, ಶುಗರ್ ಮಾತ್ರೆಗೇ ಪಿಂಚಣಿಯ ಎಷ್ಟೋ ಪಾಲು ಹೋಗುತ್ತದೆ ಎಂದು ನೀವು ಬರೆದದ್ದು ನಮ್ಮ ಮನೆಯ ಕಥೆಯೂ ಹೌದು. ಅಮ್ಮನಿಗೆ ಎರಡೂ ಇದೆ. ಒಂದು ದಿನ ಬಿಪಿ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿದೆ. ಕಂಪನಿ ಇಟ್ಟ ಹೆಸರಿನ ಜೊತೆ ಔಷಧಿಯ ಹೆಸರೂ ಇತ್ತು, ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ. ಅದನ್ನೇ ಚೀಟಿಯಲ್ಲಿ ಬರೆದುಕೊಂಡು, ಡಾಕ್ಟರಿಗೆ ತೋರಿಸಿ, ಅದೇ ಔಷಧಿಯನ್ನು ಬ್ರ್ಯಾಂಡ್ ಹೆಸರಿಲ್ಲದೆ ಮಾರುವ, ಸರ್ಕಾರದ ಯೋಜನೆಯ ಅಂಗಡಿಯಾದ ಜನೌಷಧಿ ಕೇಂದ್ರಕ್ಕೆ ಹೋದೆ. ಅಲ್ಲಿ ಬ್ರ್ಯಾಂಡ್ ಮಾತ್ರೆಗಿಂತ ಸಾಮಾನ್ಯವಾಗಿ ಶೇ. 50ರಿಂದ 90ರಷ್ಟು ಕಡಿಮೆ ಬೆಲೆ. ನಮ್ಮ ತಿಂಗಳ ಬಿಲ್ ಅರ್ಧಕ್ಕಿಂತ ಕೆಳಗೆ ಇಳಿಯಿತು. ಬಿಪಿ ಮೊದಲಿನಂತೆಯೇ ಹತೋಟಿಯಲ್ಲಿದೆ.

ಆದರೆ ದಯವಿಟ್ಟು ಒಂದು ಗಮನಿಸಿ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್‌ನಲ್ಲಿ ಸಾದಾ ಮಾತ್ರೆಯೂ ಇದೆ, ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆಯೂ ಇದೆ. ಎರಡರ ಮೇಲೂ 500 ಅಂತಲೇ ಇರುತ್ತದೆ. ಸುಮ್ನೆ ಅಂಕಿ ನೋಡಿ ತರಬೇಡಿ, ಆ ಎರಡು ಅಕ್ಷರವನ್ನೂ ಹುಡುಕಿ. ಫಿಟ್ಸ್, ಥೈರಾಯ್ಡ್ ಮಾತ್ರೆಗಳನ್ನಂತೂ ಡಾಕ್ಟರನ್ನು ಕೇಳದೆ ಬದಲಿಸಲೇಬೇಡಿ.

ಕೇಂದ್ರದಲ್ಲಿ ಕೆಲವೊಮ್ಮೆ ಸ್ಟಾಕ್ ಇರುವುದಿಲ್ಲ, ಅಮ್ಮನ ಮಾತ್ರೆ ಒಂದು ದಿನವೂ ತಪ್ಪಬಾರದಲ್ವಾ? ಅದಕ್ಕೇ ಹತ್ತು ಮಾತ್ರೆ ಉಳಿದಿರುವಾಗಲೇ ಹೋಗುತ್ತೇನೆ. ಹತ್ತಿರದ ಕೇಂದ್ರ ಎಲ್ಲಿದೆ, ಬೆಲೆ ಎಷ್ಟು ಎಂದು ಜನೌಷಧಿ ಸುಗಮ್ ಆಪ್‌ನಲ್ಲಿ ನೋಡಬಹುದು.