ಸಿನಿಮಾ ಹಾಡಿಗೆ ಪಿಎಚ್.ಡಿ. ಬೇಕೆ?

ಪರ

ಬೇಕು, ಅದೂ ತಡಮಾಡದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಗೆ ಬಂತು. ಅದರ ಪ್ರತಿ ಇವತ್ತು ನೋಡಲು ಸಿಗುವುದಿಲ್ಲ. ಆಮೇಲಿನ ಹಾಡುಗಳು ಹಾಗೆ ಕೈಬಿಟ್ಟು ಹೋಗಬಾರದೆಂದರೆ, ಅವುಗಳನ್ನು ಸರಿಯಾಗಿ ಕೇಳಲು ಬಲ್ಲವರನ್ನು ಮೊದಲು ತಯಾರು ಮಾಡಬೇಕು. ಕೇಳುವುದೇನು ಮಹಾ ಎನ್ನುವವರಿಗೆ ಒಂದಿಷ್ಟು ವಿವರ.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ಪ್ಲೇಟಿಗೆ ಎಲ್‌ಪಿಯ, ಅಂದರೆ ಆಮೇಲೆ ಬಂದ ನಿಧಾನಗತಿಯ ಪ್ಲೇಟಿನ, ಮುಳ್ಳು ಹಾಕುವುದು ಸಾಮಾನ್ಯ ತಪ್ಪು. ಎಲ್‌ಪಿ ಮುಳ್ಳಿನ ಮೊನೆಯ ತ್ರಿಜ್ಯ ಹೆಚ್ಚೆಂದರೆ 25 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). 78ರ ಅಗಲವಾದ ಗೆರೆಗೆ 75ರ ಆಸುಪಾಸಿನದು ಬೇಕು. ಸಣ್ಣ ಮೊನೆ ಗೆರೆಯ ತಳಕ್ಕಿಳಿದು ಧೂಳನ್ನು ಓದುತ್ತದೆ. ಹಾಡು ಇರುವುದು ಗೆರೆಯ ಗೋಡೆಗಳಲ್ಲಿ. ಇನ್ನು ವೇಗ. 78ರ ಪ್ಲೇಟು 80ರಲ್ಲಿ ತಿರುಗಿದರೆ ಶ್ರುತಿ 44 ಸೆಂಟ್ ಏರುತ್ತದೆ, ಅಂದರೆ ಹಾರ್ಮೋನಿಯಂನ ಅಕ್ಕಪಕ್ಕದ ಬಿಳಿ-ಕರಿ ಮನೆಗಳ ಅಂತರದ ಅರ್ಧಕ್ಕೆ ಹತ್ತಿರ. ಕ್ಯಾಸೆಟ್ ಶೇ 6ರಷ್ಟು ಜೋರಾಗಿ ಓಡಿದರೆ ಪೂರ್ತಿ ಒಂದು ಮನೆಯೇ ತಪ್ಪುತ್ತದೆ. ಆಮೇಲೆ ಗಾಯಕರ ಶ್ರುತಿಯ ಬಗ್ಗೆ ಏನು ಬರೆದರೂ ವ್ಯರ್ಥ.

ಇದನ್ನು ಪತ್ತೆಹಚ್ಚುವ ದಾರಿಯೂ ಇದೆ. ಮೂಲ ಧ್ವನಿಮುದ್ರಣದಲ್ಲಿ ಕರೆಂಟಿನ ಗುಂಯ್‌ಗುಟ್ಟುವ ಸದ್ದು ಸೇರಿಕೊಂಡಿದ್ದರೆ ಅದು 50 ಹರ್ಟ್ಸ್‌ನಲ್ಲಿರಬೇಕು. ಸದ್ದಿನ ಕಂಪನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮಿನಲ್ಲಿ ಅದು 53ರಲ್ಲಿ ಕಂಡರೆ ವೇಗ ಶೇ 6 ಹೆಚ್ಚು. ನಿಮ್ಮ ಯಂತ್ರದ್ದೇ ಗುಂಯ್ ಬೇರೆ 50ರಲ್ಲಿ ಕೂತಿರುತ್ತದೆ. ಎರಡನ್ನೂ ಕಲಸಿಕೊಂಡರೆ ಕೆಟ್ಟಿತು. ಪ್ರತಿ ಕ್ಯಾಸೆಟ್ಟಿಗೂ ಟೇಪನ್ನು ಓದುವ ಹೆಡ್‌ನ ಓರೆಯನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಹೊಂದಿಸಿಕೊಳ್ಳಬೇಕು, ಇಲ್ಲದಿದ್ದರೆ ಕಂಚಿನ ತಾಳ, ಪಿಟೀಲು ಮಂಕಾಗುತ್ತವೆ. ಮೊದಲ ಡಿಜಿಟಲ್ ಪ್ರತಿಯನ್ನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಡಿ. ಸ್ಟೀರಿಯೊದಲ್ಲಿ ನಿಮಿಷಕ್ಕೆ 35 ಎಂಬಿ ಹಿಡಿಯುತ್ತದೆ, ಹಿಡಿಯಲಿ. ಗದ್ದಲ ತೆಗೆಯುವ ಸಾಫ್ಟ್‌ವೇರನ್ನು ಇದರ ಹತ್ತಿರ ಬಿಡಬೇಡಿ, ನಕಲಿನ ಮೇಲೆ ಏನು ಬೇಕಾದರೂ ಮಾಡಿ.

ಇಷ್ಟೆಲ್ಲ ಯಾಕೆ? ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಇಳಯರಾಜ ಸಹಾಯಕರಾಗಿದ್ದರು. ಒಂದು ಹಾಡಿನ ಪಿಟೀಲುಗಳ ಹೆಣಿಗೆ ಯಾರದ್ದು ಎಂದು ಟೈಟಲ್ ಕಾರ್ಡ್ ಹೇಳುವುದಿಲ್ಲ. ಪ್ಲೇಟಿನ ಮೇಲೆ ಒತ್ತಿದ ಮ್ಯಾಟ್ರಿಕ್ಸ್ ಸಂಖ್ಯೆ (ಅಚ್ಚಿನ ಕ್ರಮಸಂಖ್ಯೆ) ನೋಡಿ, ಹಾಡುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಇಂಟರ್‌ಲೂಡ್‌ಗಳನ್ನು, ಅಂದರೆ ಪಲ್ಲವಿ-ಚರಣಗಳ ನಡುವಿನ ವಾದ್ಯಸಂಗೀತವನ್ನು, ಒಂದೊಂದಾಗಿ ಹೋಲಿಸಿದರೆ ಉತ್ತರದ ಹತ್ತಿರಕ್ಕಾದರೂ ಹೋಗಬಹುದು. ಬಿಡುವಿನ ವೇಳೆಯ ಅಭಿಮಾನಿ ಇದನ್ನು ಮಾಡಲಾರ. ವರ್ಷಗಟ್ಟಲೆ ಕೂರುವ, ಫೆಲೋಶಿಪ್ ಇರುವ ಸಂಶೋಧಕರು ಬೇಕು. ಲಿವರ್‌ಪೂಲ್ ವಿಶ್ವವಿದ್ಯಾಲಯ 1988ರಲ್ಲೇ ಜನಪ್ರಿಯ ಸಂಗೀತಕ್ಕೊಂದು ಸಂಸ್ಥೆ ತೆರೆಯಿತು. ನಮಗೆ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ. ಹಕ್ಕುಸ್ವಾಮ್ಯದ ತಕರಾರು ತೆಗೆಯುವವರೂ ಇದ್ದಾರೆ. ಅದನ್ನು ವಕೀಲರು ನೋಡಿಕೊಳ್ಳಲಿ.

ವಿರೋಧ

ಈ ಪಾಲು ಬರೆಯಲು ಒಪ್ಪಿಕೊಂಡಿದ್ದರಿಂದ ಬರೆಯುತ್ತಿದ್ದೇನೆ. ಹಾಡುಗಳ ಮೇಲೆ ಗಂಭೀರ ಕೆಲಸವೇ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ವಿಶ್ವವಿದ್ಯಾಲಯ ಅದಕ್ಕೆ ತಕ್ಕ ಜಾಗವೇ ಎಂಬುದಷ್ಟೇ ನನ್ನ ತಕರಾರು. ಮುಳ್ಳು ಬದಲಿಸುವುದು, ಸ್ಕ್ರೂ ತಿರುಗಿಸುವುದು ಸಂಶೋಧನೆಯಾದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯವರಿಗೆಲ್ಲ ಡಾಕ್ಟರೇಟ್ ಕೊಡಬೇಕಾಗುತ್ತದೆ.

ನಮ್ಮ ವಿಭಾಗಗಳ ಕಥೆ ಗೊತ್ತಿದ್ದದ್ದೇ. ಕನ್ನಡ ವಿಭಾಗಕ್ಕೆ ಹಾಡೆಂದರೆ ಸಾಹಿತ್ಯ, ಸಂಗೀತ ವಿಭಾಗಕ್ಕೆ ರಾಗ. ಪಲ್ಲವಿ ಮೋಹನ ರಾಗದಂತೆ ಹೊರಟು ಚರಣದಲ್ಲಿ ಆ ರಾಗದಲ್ಲಿಲ್ಲದ ಮಧ್ಯಮ, ನಿಷಾದ ಸ್ವರಗಳು ತಲೆಹಾಕಿದರೆ ‘ಮಿಶ್ರ’ ಎಂದು ಬರೆದು ಕೋಷ್ಟಕ ತುಂಬಿಸಿದರಾಯಿತು. ಗಿಟಾರ್ ಮ-ದ-ಸ ಕಾರ್ಡಿಗೆ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲಿಗೆ) ಹೋದಾಗ ಮಧ್ಯಮವೂ ಪ-ನಿ-ರಿ ಕಾರ್ಡಿಗೆ ಹೋದಾಗ ನಿಷಾದವೂ ಬರಲೇಬೇಕು. ಅದನ್ನು ವಿವರಿಸಲು ರಾಗವನ್ನೂ ಕಾರ್ಡನ್ನೂ ಬಲ್ಲ ಮಾರ್ಗದರ್ಶಕರು ಬೇಕು. ಅಂಥವರು ಎಷ್ಟು ವಿಭಾಗಗಳಲ್ಲಿದ್ದಾರೆ? ಸಾಫ್ಟ್‌ವೇರೂ ಕೈಹಿಡಿಯದು. ದನಿ, ಡ್ರಮ್ಸ್, ಬಾಸ್, ಉಳಿದದ್ದು ಎಂದು ಹಾಡನ್ನು ನಾಲ್ಕಾಗಿ ಒಡೆಯುವ ಸಾಧನಗಳು ಹೆಚ್ಚಾಗಿ ಕಲಿತಿರುವುದು ಪಾಶ್ಚಾತ್ಯ ಪಾಪ್ ಹಾಡುಗಳಿಂದ. ತಬಲದ ಎಡಗೈ ನಾದ ಬಾಸ್‌ಗೆ ಸೋರುತ್ತದೆ, ವೀಣೆ-ಪಿಟೀಲು-ಕೊಳಲು ‘ಉಳಿದದ್ದು’ ಎಂಬ ಒಂದೇ ಮೂಟೆಗೆ ಬೀಳುತ್ತವೆ. ಪಿಎಚ್.ಡಿ.ಗೆ ಯುಜಿಸಿ ಕೊಡುವುದು ಕನಿಷ್ಠ 3, ಸಾಮಾನ್ಯವಾಗಿ ಹೆಚ್ಚೆಂದರೆ 6 ವರ್ಷ. ವಿದ್ಯಾರ್ಥಿ ಕೋಷ್ಟಕದ ದಾರಿಯನ್ನೇ ಹಿಡಿಯುತ್ತಾನೆ, ಅವನನ್ನು ಬೈದು ಪ್ರಯೋಜನವಿಲ್ಲ.

ವಕೀಲರಿಗೆ ಬಿಟ್ಟುಬಿಟ್ಟ ಮಾತಿಗೆ ಬರೋಣ. ಸ್ವಂತ ಸಂಶೋಧನೆಗೆ ನ್ಯಾಯವಾದ ಬಳಕೆಯನ್ನು ಕಾನೂನು ಒಪ್ಪುತ್ತದೆ. ಹಾಡನ್ನೇ ಜಾಲತಾಣಕ್ಕೇರಿಸುವುದು ಬೇರೆ ವಿಷಯ. ಹಾಗಾಗಿ ಪಿಎಚ್.ಡಿ. ಪ್ರಬಂಧಗಳನ್ನು ಇಡುವ ಜಾಲತಾಣ ಶೋಧಗಂಗಾದಲ್ಲಿ ಸೇರುವುದು ಪಿಡಿಎಫ್ ಮಾತ್ರ. ಓದುವವರು ಯಾವ ಪ್ರತಿಯನ್ನು, ಯಾವ ವೇಗದಲ್ಲಿ ಕೇಳಿ ಪರೀಕ್ಷಿಸಬೇಕು? ಧ್ವನಿಮುದ್ರಣದ ಹಕ್ಕು 60 ವರ್ಷಕ್ಕೆ ಮುಗಿಯುತ್ತದೆ, 1964ರಲ್ಲಿ ಬಿಡುಗಡೆಯಾದ ಪ್ಲೇಟು 2025ರ ಜನವರಿಯಿಂದ ಮುಕ್ತ. ಆದರೆ ಸಾಹಿತ್ಯ, ಮಟ್ಟುಗಳ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಪ್ರಬಂಧ ಸಲ್ಲಿಸುವ ದಿನ ಸಹಿ ಹಾಕುವವನು ವಿದ್ಯಾರ್ಥಿ, ವಕೀಲನಲ್ಲ.